ವಿಸ್ತರಣಾ ಸ್ಲಾಟ್ ಅಲಂಕಾರಿಕ ದೀಪ

ವಿಸ್ತರಣಾ ಸ್ಲಾಟ್ ಅಲಂಕಾರಿಕ ದೀಪ ಎಂಬುದು ವೈಯಕ್ತಿಕ ಗಣಕಯಂತ್ರದ ಮದರ್‌ಬೋರ್ಡ್‌ನಲ್ಲಿ ಬಳಕೆಯಾಗದೆ ಉಳಿದ ವಿಸ್ತರಣಾ ಸ್ಲಾಟ್‌ಗಳಲ್ಲಿ, ಅಥವಾ ಆ ಸ್ಲಾಟ್‌ಗಳಿಗೆ ಹೊಂದಿಕೊಂಡು ಕ್ಯಾಬಿನೆಟ್‌ನ ಹಿಂಬದಿಯಲ್ಲಿರುವ ತೆರಪುಗಳಲ್ಲಿ ಅಳವಡಿಸುವ ಎಲ್‌ಇಡಿ ದೀಪದ ಸಾಧನವಾಗಿದೆ. ಇದು ಗಣಕಯಂತ್ರದ ಕಾರ್ಯಕ್ಷಮತೆಯನ್ನು ಯಾವ ರೀತಿಯಲ್ಲೂ ಹೆಚ್ಚಿಸುವುದಿಲ್ಲ. ಗಾಜಿನ ಅಥವಾ ಅಕ್ರಿಲಿಕ್ ಬಾಗಿಲಿನ ಮೂಲಕ ಕಾಣುವ ಒಳಭಾಗದ ಅಂದವನ್ನು ಹೆಚ್ಚಿಸುವುದಷ್ಟೇ ಇದರ ಉದ್ದೇಶ. ಮೆಮೊರಿ ಸ್ಲಾಟ್‌ಗಳಲ್ಲಿ ಕೂರಿಸುವ, ಮೆಮೊರಿ ಚಿಪ್ ಇಲ್ಲದ ಹುಸಿ ಮಾಡ್ಯೂಲ್‌ಗಳನ್ನೂ ಸಾಮಾನ್ಯವಾಗಿ ಇದೇ ವರ್ಗಕ್ಕೆ ಸೇರಿಸಲಾಗುತ್ತದೆ.

ಸ್ಲಾಟ್‌ಗಳು ಖಾಲಿ ಉಳಿದ ಬಗೆ

1981ರಲ್ಲಿ ಬಿಡುಗಡೆಯಾದ ಐಬಿಎಂ ಪಿಸಿಯಲ್ಲಿ ಐದು ವಿಸ್ತರಣಾ ಸ್ಲಾಟ್‌ಗಳಿದ್ದವು. ಪರದೆಗೆ ಚಿತ್ರ ಕಳುಹಿಸಲು ಒಂದು ಕಾರ್ಡ್, ಫ್ಲಾಪಿ ಡ್ರೈವ್ ನಡೆಸಲು ಇನ್ನೊಂದು, ಮೋಡೆಮ್ ಅಥವಾ ಮುದ್ರಕದ ಸಂಪರ್ಕಕ್ಕೆ ಮತ್ತೊಂದು ಬೇಕಾಗಿದ್ದುದರಿಂದ ಅವು ಬೇಗನೆ ತುಂಬಿಹೋಗುತ್ತಿದ್ದವು. 1983ರ ಐಬಿಎಂ ಪಿಸಿ ಎಕ್ಸ್‌ಟಿಯಲ್ಲಿ ಸ್ಲಾಟ್‌ಗಳ ಸಂಖ್ಯೆ ಎಂಟಕ್ಕೆ ಏರಿತು. ಅವುಗಳ ನಡುವಿನ ಅಂತರವನ್ನು ಅಲ್ಲಿ 0.8 ಅಂಗುಲಕ್ಕೆ, ಅಂದರೆ 20.32 ಮಿಲಿಮೀಟರ್‌ಗೆ ಇಳಿಸಲಾಯಿತು. ಇಂದಿಗೂ ಅದೇ ಅಂತರ ಉಳಿದುಬಂದಿದೆ. ಸ್ಲಾಟ್‌ನ ಒಳಗಿನ ತಂತ್ರಜ್ಞಾನ ಐಎಸ್‌ಎಯಿಂದ ಪಿಸಿಐಗೂ, ಅಲ್ಲಿಂದ ಪಿಸಿಐ ಎಕ್ಸ್‌ಪ್ರೆಸ್‌ಗೂ ಬದಲಾದರೂ ಕ್ಯಾಬಿನೆಟ್‌ನ ಹಿಂಬದಿಯ ಲೋಹದ ಪಟ್ಟಿಯ ಅಳತೆ ಹೆಚ್ಚೂಕಡಿಮೆ ಹಾಗೆಯೇ ಇದೆ. ಅಲಂಕಾರಿಕ ದೀಪಗಳ ತಯಾರಕರಿಗೆ ಅನುಕೂಲವಾದದ್ದು ಈ ಸ್ಥಿರತೆಯೇ.

ಇಂಟೆಲ್ 1995ರಲ್ಲಿ ರೂಪಿಸಿದ ಎಟಿಎಕ್ಸ್ ಮಾನಕವು ಏಳು ಸ್ಲಾಟ್‌ಗಳಿಗೆ ಸ್ಥಳ ಒದಗಿಸುತ್ತದೆ. ಆದರೆ ಧ್ವನಿ, ಜಾಲ ಸಂಪರ್ಕ, ಯುಎಸ್‌ಬಿ ಮೊದಲಾದ ಸೌಲಭ್ಯಗಳೆಲ್ಲ ಕ್ರಮೇಣ ಮದರ್‌ಬೋರ್ಡ್‌ನಲ್ಲಿಯೇ ಸೇರಿಕೊಂಡವು. ಈಗ ಬಹುಪಾಲು ಮನೆಗಳ ಗಣಕಯಂತ್ರಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಒಂದೇ ಉಳಿದಿದೆ. ಅದೂ ಇಲ್ಲದ ಯಂತ್ರಗಳು ಅನೇಕ. ಮೈಕ್ರೋಎಟಿಎಕ್ಸ್ ಗಾತ್ರದ ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್‌ಗಳಿಗೆ ಅವಕಾಶವಿದ್ದು ಅಲ್ಲಿಯೂ ಒಂದೆರಡು ಖಾಲಿ ಉಳಿಯುತ್ತವೆ. ಒಂದೇ ಸ್ಲಾಟ್ ಇರುವ ಮಿನಿ ಐಟಿಎಕ್ಸ್ ಬೋರ್ಡ್‌ಗಳಿಗೆ ಈ ಪ್ರಶ್ನೆಯೇ ಏಳುವುದಿಲ್ಲ.

ಬೆಳವಣಿಗೆ

ಕ್ಯಾಬಿನೆಟ್‌ನ ಪಕ್ಕದ ತಗಡನ್ನು ಕತ್ತರಿಸಿ ಪಾರದರ್ಶಕ ಹಾಳೆ ಕೂರಿಸುವ ಹವ್ಯಾಸವು 1990ರ ದಶಕದ ಕೊನೆಯಲ್ಲಿ ಹರಡತೊಡಗಿತು. ಆ ಕಾಲದಲ್ಲಿ ಒಳಗೆ ಬೆಳಕು ತರಲು ಶೀತ ಕ್ಯಾಥೋಡ್ ಪ್ರತಿದೀಪ್ತ ಕೊಳವೆಗಳನ್ನು ಬಳಸಲಾಗುತ್ತಿತ್ತು. ಇವುಗಳಿಗೆ 12 ವೋಲ್ಟ್ ಪೂರೈಕೆಯನ್ನು ನೂರಾರು ವೋಲ್ಟ್‌ಗಳಿಗೆ ಏರಿಸುವ ಇನ್ವರ್ಟರ್ ಬೇಕಿತ್ತು. ಗಾಜಿನ ಕೊಳವೆಗಳು ಸುಲಭವಾಗಿ ಒಡೆಯುತ್ತಿದ್ದವು. ಅವುಗಳಲ್ಲಿ ಅಲ್ಪ ಪ್ರಮಾಣದ ಪಾದರಸವೂ ಇರುತ್ತಿತ್ತು. ಆ ಕೊಳವೆಗಳ ಸ್ವಿಚ್ಚನ್ನು ಹೊರಗಿನಿಂದ ಒತ್ತುವಂತೆ ಮಾಡಲು ಖಾಲಿ ಸ್ಲಾಟ್‌ನ ಲೋಹದ ಪಟ್ಟಿಯ ಮೇಲೆ ಕೂರಿಸುವ ವಾಡಿಕೆಯಿತ್ತು. ಖಾಲಿ ಸ್ಲಾಟ್ ಅಲಂಕಾರದ ಕೆಲಸಕ್ಕೆ ಬಂದದ್ದು ಹೀಗೆ, ದೀಪವಾಗಿ ಅಲ್ಲ, ದೀಪದ ಗುಂಡಿಯಾಗಿ.

ನೀಲಿ ಎಲ್‌ಇಡಿ ಅಗ್ಗವಾದ ಮೇಲೆ ಈ ಕೊಳವೆಗಳು ಹಿಂದೆ ಸರಿದವು. ಪ್ರಖರ ನೀಲಿ ಎಲ್‌ಇಡಿಯ ಸಂಶೋಧನೆಗಾಗಿ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶೂಜಿ ನಕಾಮುರ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಕೆಂಪು ಮತ್ತು ಹಸಿರಿನ ಜೊತೆಗೆ ನೀಲಿಯೂ ದೊರೆತುದರಿಂದಲೇ ಒಂದೇ ಬಿಂದುವಿನಲ್ಲಿ ಲಕ್ಷಾಂತರ ವರ್ಣಗಳನ್ನು ಮೂಡಿಸುವ ಆರ್‌ಜಿಬಿ ದೀಪ ಸಾಧ್ಯವಾಯಿತು. 2018ರಲ್ಲಿ ಗಿಗಾಬೈಟ್ ಕಂಪನಿಯು ಎರಡು ನಿಜವಾದ ಮೆಮೊರಿ ಮಾಡ್ಯೂಲ್‌ಗಳ ಜೊತೆಗೆ ಕೇವಲ ಬೆಳಗುವ ಎರಡು ಹುಸಿ ಮಾಡ್ಯೂಲ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಮಾರಾಟಕ್ಕೆ ತಂದಿತು. ಕೋರ್ಸೇರ್ ಕಂಪನಿಯು ಹುಸಿ ಮಾಡ್ಯೂಲ್‌ಗಳನ್ನೇ ಪ್ರತ್ಯೇಕವಾಗಿ ಮಾರಿತು. ಎರಡು ಮಾಡ್ಯೂಲ್‌ಗಳಿಂದಲೇ ಒಳ್ಳೆಯ ವೇಗ ದೊರೆಯುವ ಯಂತ್ರಗಳಲ್ಲಿ ಉಳಿದೆರಡು ಸ್ಲಾಟ್‌ಗಳನ್ನು ಮೆಮೊರಿಯ ವೇಗಕ್ಕೆ ಅಡ್ಡಿಯಾಗದಂತೆ ತುಂಬಿಸುವುದು ಇವುಗಳ ಸಮರ್ಥನೆಯಾಗಿತ್ತು.

ರಚನೆ ಮತ್ತು ವಿದ್ಯುತ್ ಪೂರೈಕೆ

ಸ್ಲಾಟ್ ದೀಪಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ದೀಪವು ಹಿಂಬದಿಯ ಲೋಹದ ಪಟ್ಟಿಗೆ ತಿರುಪಿನಿಂದ ಬಿಗಿಗೊಂಡಿದ್ದು ಮದರ್‌ಬೋರ್ಡ್‌ನ ಸ್ಲಾಟನ್ನು ಮುಟ್ಟುವುದೇ ಇಲ್ಲ. ಅದಕ್ಕೆ ವಿದ್ಯುತ್ ಬರುವುದು ಸಾಟಾ ಅಥವಾ ನಾಲ್ಕು ಪಿನ್‌ಗಳ ಕನೆಕ್ಟರ್‌ನಿಂದ, ಇಲ್ಲವೇ ಬೋರ್ಡ್‌ನ ದೀಪದ ಹೆಡರ್‌ನಿಂದ. ಎರಡನೆಯ ಬಗೆಯದು ಕಾರ್ಡಿನ ರೂಪದಲ್ಲಿದ್ದು ಸ್ಲಾಟ್‌ನೊಳಗೆ ಕೂರುತ್ತದೆ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ 12 ವೋಲ್ಟ್ ಮತ್ತು 3.3 ವೋಲ್ಟ್ ಎರಡನ್ನೂ ಒದಗಿಸುತ್ತದೆ. ದೀಪದ ಕಾರ್ಡ್ ದತ್ತಾಂಶದ ಪಿನ್‌ಗಳನ್ನು ಬಿಟ್ಟು ವಿದ್ಯುತ್ತನ್ನಷ್ಟೇ ಪಡೆಯುವುದಾದರೆ ಕಾರ್ಯಾಚರಣಾ ವ್ಯವಸ್ಥೆಗೆ ಅದು ಗೋಚರಿಸುವುದಿಲ್ಲ. ಸ್ಲಾಟ್‌ನಲ್ಲಿ 3.3 ವೋಲ್ಟ್‌ನ ಸಹಾಯಕ ಪೂರೈಕೆಯೂ ಇರುವುದರಿಂದ, ಅದಕ್ಕೆ ಜೋಡಿಸಿದ ದೀಪ ಗಣಕಯಂತ್ರವನ್ನು ಆರಿಸಿದ ಬಳಿಕವೂ ಉರಿಯುತ್ತಿರಬಹುದು. ರಾತ್ರಿ ಮಲಗುವ ಕೋಣೆಯಲ್ಲಿ ಇದು ಅಲಂಕಾರವಾಗಿ ಉಳಿಯುವುದಿಲ್ಲ.

ಸರಳ ದೀಪಗಳ ಲೆಕ್ಕ ಶಾಲಾ ಭೌತಶಾಸ್ತ್ರದ ಓಮ್‌ನ ನಿಯಮದೊಳಗೇ ಇದೆ. ತಲಾ 2 ವೋಲ್ಟ್ ಬೇಕಾಗುವ ಮೂರು ಕೆಂಪು ಎಲ್‌ಇಡಿಗಳನ್ನು ಸರಣಿಯಲ್ಲಿ ಜೋಡಿಸಿ 12 ವೋಲ್ಟ್ ನೀಡಿದರೆ 6 ವೋಲ್ಟ್ ಉಳಿಯುತ್ತದೆ. ಪ್ರವಾಹವನ್ನು 20 ಮಿಲಿಆಂಪಿಯರ್‌ಗೆ ಮಿತಿಗೊಳಿಸಲು 300 ಓಮ್‌ನ ರೋಧಕ ಬೇಕು. ಅದರಲ್ಲಿ ವ್ಯಯವಾಗುವ ಶಕ್ತಿ 0.12 ವ್ಯಾಟ್. ರೋಧಕವಿಲ್ಲದೆ ನೇರವಾಗಿ ಜೋಡಿಸಿದ ಎಲ್‌ಇಡಿ ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತದೆ.

ಬಣ್ಣ ಬದಲಿಸುವ ದೀಪಗಳಲ್ಲಿ ಪರಸ್ಪರ ಹೊಂದದ ಎರಡು ಪದ್ಧತಿಗಳಿದ್ದು, ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ನಾಲ್ಕು ಪಿನ್‌ಗಳ ಆರ್‌ಜಿಬಿ ಹೆಡರ್ 12 ವೋಲ್ಟ್ ನೀಡುತ್ತದೆ. ಅದಕ್ಕೆ ಜೋಡಿಸಿದ ಪಟ್ಟಿಯ ಎಲ್ಲ ದೀಪಗಳೂ ಒಂದೇ ಬಣ್ಣದಲ್ಲಿ ಉರಿಯುತ್ತವೆ. ಮೂರು ಪಿನ್‌ಗಳ ಎಆರ್‌ಜಿಬಿ ಹೆಡರ್ 5 ವೋಲ್ಟ್‌ನದು. ಅಲ್ಲಿ ಪ್ರತಿಯೊಂದು ದೀಪಕ್ಕೂ ತನ್ನದೇ ನಿಯಂತ್ರಕ ಚಿಪ್ ಇದ್ದು ಬಣ್ಣಗಳು ಅಲೆಯಂತೆ ಹರಿಯಬಲ್ಲವು. 5 ವೋಲ್ಟ್‌ನ ದೀಪವನ್ನು ಬಲವಂತವಾಗಿ ಅಥವಾ ತಪ್ಪು ಅಡಾಪ್ಟರ್ ಮೂಲಕ 12 ವೋಲ್ಟ್‌ಗೆ ಜೋಡಿಸಿದರೆ ಇಡೀ ಪಟ್ಟಿ ಒಮ್ಮೆಲೇ ನಾಶವಾಗುತ್ತದೆ, ಕೆಲವೊಮ್ಮೆ ಹೆಡರ್ ಕೂಡ ಹಾಳಾಗುತ್ತದೆ. ಡಬ್ಲ್ಯುಎಸ್2812 ಮಾದರಿಯ ಎಲ್‌ಇಡಿಯೊಂದು ಪೂರ್ಣ ಬಿಳಿ ಬೆಳಕಿನಲ್ಲಿ ಸುಮಾರು 60 ಮಿಲಿಆಂಪಿಯರ್ ಬಳಸುತ್ತದೆ. ಅಂತಹ 30 ದೀಪಗಳಿಗೆ 1.8 ಆಂಪಿಯರ್, ಅಂದರೆ 9 ವ್ಯಾಟ್ ಬೇಕು. ಆದ್ದರಿಂದ ಒಂದೇ ಹೆಡರ್‌ಗೆ ಕವಲು ತಂತಿಗಳ ಮೂಲಕ ಹಲವು ದೀಪಗಳನ್ನು ಜೋಡಿಸುವ ಮೊದಲು ಬೋರ್ಡ್‌ನ ಕೈಪಿಡಿಯಲ್ಲಿ ನಮೂದಿಸಿದ ಗರಿಷ್ಠ ಪ್ರವಾಹವನ್ನು ನೋಡಬೇಕಾಗುತ್ತದೆ. ಈ ಮಾದರಿಯಲ್ಲಿ ಸಂಕೇತವು ಒಂದು ದೀಪದಿಂದ ಮುಂದಿನದಕ್ಕೆ ಸಾಗುವುದರಿಂದ ನಡುವಿನದೊಂದು ಕೆಟ್ಟರೆ ಅದರ ನಂತರದವೂ ಸ್ತಬ್ಧವಾಗುತ್ತವೆ.

ಗಾಳಿ, ಧೂಳು ಮತ್ತು ವಿದ್ಯುತ್ಕಾಂತೀಯ ತಡೆ

ಖಾಲಿ ಸ್ಲಾಟ್‌ನ ಹಿಂಬದಿಯನ್ನು ಮುಚ್ಚುವ ತಗಡಿನ ಪಟ್ಟಿ ಅಲಂಕಾರಕ್ಕಾಗಿ ಇರುವುದಲ್ಲ. ಕ್ಯಾಬಿನೆಟ್‌ನ ಲೋಹದ ಕವಚವನ್ನು ಪೂರ್ಣಗೊಳಿಸಿ ರೇಡಿಯೋ ಅಲೆಗಳ ಸೋರಿಕೆಯನ್ನು ಅದು ತಗ್ಗಿಸುತ್ತದೆ. ಗಾಳಿ ನಿಗದಿತ ದಾರಿಯಲ್ಲಿ ಹರಿಯುವಂತೆಯೂ, ಧೂಳು ಮತ್ತು ಕೀಟಗಳು ಒಳನುಗ್ಗದಂತೆಯೂ ನೋಡಿಕೊಳ್ಳುತ್ತದೆ. ಅದನ್ನು ತೆಗೆದು ಪೂರ್ತಿ ಪ್ಲಾಸ್ಟಿಕ್‌ನ ದೀಪ ಕೂರಿಸಿದರೆ ಧೂಳು ತಡೆಯಬಹುದೇ ಹೊರತು ವಿದ್ಯುತ್ಕಾಂತೀಯ ತಡೆ ಉಳಿಯುವುದಿಲ್ಲ. ಗ್ರಾಫಿಕ್ಸ್ ಕಾರ್ಡಿನ ಫ್ಯಾನ್‌ಗಳು ಸಾಮಾನ್ಯವಾಗಿ ಕೆಳಮುಖವಾಗಿದ್ದು, ಅದರ ಕೆಳಗಿನ ಸ್ಲಾಟ್‌ನಿಂದಲೇ ಗಾಳಿ ಎಳೆದುಕೊಳ್ಳುತ್ತವೆ. ಅಲಂಕಾರಕ್ಕೆ ಎಲ್ಲರೂ ಮೊದಲು ಆರಿಸುವ ಜಾಗವೂ ಅದೇ. ಅಲ್ಲಿ ಅಗಲವಾದ ದೀಪದ ಫಲಕ ಕೂರಿಸಿದರೆ ಕಾರ್ಡಿನ ಉಷ್ಣತೆ ಏರಿ, ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳಬಹುದು. ಒಂದು ಸ್ಲಾಟ್‌ನಷ್ಟಾದರೂ ತೆರಪು ಬಿಟ್ಟು ಅದರ ಕೆಳಗೆ ಅಳವಡಿಸುವುದು ಸೂಕ್ತ.

ನಿಯಂತ್ರಣ ತಂತ್ರಾಂಶ

ಮೆಮೊರಿ ಮಾಡ್ಯೂಲ್‌ಗಳ ದೀಪಗಳನ್ನು ಮದರ್‌ಬೋರ್ಡ್‌ನ ಎಸ್‌ಎಂಬಸ್ ಎಂಬ ಸಂಪರ್ಕ ಮಾರ್ಗದ ಮೂಲಕ ನಿಯಂತ್ರಿಸಲಾಗುತ್ತದೆ. ಮೆಮೊರಿಯ ವಿವರಗಳನ್ನು ಹೊತ್ತ ಎಸ್‌ಪಿಡಿ ಚಿಪ್ ಇರುವುದೂ ಇದೇ ಮಾರ್ಗದಲ್ಲಿ. ಆದ್ದರಿಂದ ತಪ್ಪು ವಿಳಾಸಕ್ಕೆ ಬರೆಯುವ ದೀಪದ ತಂತ್ರಾಂಶವು ಮಾಡ್ಯೂಲನ್ನೇ ಗುರುತು ಹಿಡಿಯಲಾಗದಂತೆ ಕೆಡಿಸುವ ಸಾಧ್ಯತೆಯಿದೆ. ಇಂತಹ ತಂತ್ರಾಂಶಗಳು ಯಂತ್ರಾಂಶವನ್ನು ನೇರವಾಗಿ ಮುಟ್ಟಲು ಉನ್ನತ ಅಧಿಕಾರದ ಡ್ರೈವರ್‌ಗಳನ್ನು ಸ್ಥಾಪಿಸುತ್ತವೆ. 2018ರ ಡಿಸೆಂಬರ್‌ನಲ್ಲಿ ಸೆಕ್ಯೂರ್‌ಆತ್ ಸಂಸ್ಥೆಯು ಆಸುಸ್ ಕಂಪನಿಯ ಆರಾ ಸಿಂಕ್ ತಂತ್ರಾಂಶದ ಡ್ರೈವರ್‌ಗಳಲ್ಲಿ, ಸಾಮಾನ್ಯ ಬಳಕೆದಾರನು ಆಡಳಿತಗಾರನ ಅಧಿಕಾರವನ್ನು ಪಡೆಯಲು ಆಸ್ಪದವೀಯುವ ದೋಷಗಳನ್ನು ಪ್ರಕಟಿಸಿತು. ಬಣ್ಣ ಬದಲಿಸುವ ಕೆಲಸಕ್ಕೆ ಇಷ್ಟು ಅಧಿಕಾರ ನೀಡಬೇಕೇ ಎಂಬ ಪ್ರಶ್ನೆ ಅಂದಿನಿಂದಲೂ ಇದೆ.

ಬೇರೆಬೇರೆ ಕಂಪನಿಗಳ ದೀಪಗಳನ್ನು ಒಂದೇ ಕಡೆಯಿಂದ ನಿಯಂತ್ರಿಸಲು ಓಪನ್‌ಆರ್‌ಜಿಬಿ ಎಂಬ ಮುಕ್ತ ತಂತ್ರಾಂಶವಿದ್ದು, ಅದು ಲಿನಕ್ಸ್‌ನಲ್ಲಿಯೂ ನಡೆಯುತ್ತದೆ. ಮೈಕ್ರೋಸಾಫ್ಟ್ 2023ರಲ್ಲಿ ವಿಂಡೋಸ್ 11ಕ್ಕೆ ದೀಪಗಳ ನಿಯಂತ್ರಣವನ್ನು ಸೇರಿಸಿತು.

ಕರ್ನಾಟಕದಲ್ಲಿ

ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆ, ಅಂದರೆ ಎಸ್‌ಪಿ ರಸ್ತೆ, ಗಣಕಯಂತ್ರದ ಬಿಡಿಭಾಗಗಳಿಗೂ ಎಲೆಕ್ಟ್ರಾನಿಕ್ ಸಾಮಗ್ರಿಗಳಿಗೂ ರಾಜ್ಯದಲ್ಲಿ ಹೆಸರಾದ ಮಾರುಕಟ್ಟೆ. ರೋಧಕ, ಎಲ್‌ಇಡಿ ಪಟ್ಟಿ, ಕನೆಕ್ಟರ್‌ಗಳು ಬಿಡಿಯಾಗಿ ದೊರೆಯುವುದರಿಂದ ಸ್ವತಃ ದೀಪ ತಯಾರಿಸುವವರಿಗೆ ಇಂತಹ ಮಾರುಕಟ್ಟೆ ಅನುಕೂಲಕರ. ಹಳೆಯ ಯಂತ್ರಗಳನ್ನು ಕೊಳ್ಳುವವರು ಮಾತ್ರ ಹುಸಿ ಮಾಡ್ಯೂಲ್‌ಗಳ ವಿಷಯದಲ್ಲಿ ಎಚ್ಚರ ವಹಿಸಬೇಕು: ಗಾಜಿನಾಚೆ ಬೆಳಗುವ ನಾಲ್ಕು ಮಾಡ್ಯೂಲ್‌ಗಳಲ್ಲಿ ಎರಡು ಬರಿಯ ದೀಪಗಳಾಗಿರಬಹುದು. ಯಂತ್ರವನ್ನು ಚಾಲೂ ಮಾಡಿ ಬಯಾಸ್‌ನಲ್ಲಿ ಮೆಮೊರಿಯ ಮೊತ್ತವನ್ನು ನೋಡಿದರೆ ನಿಜ ತಿಳಿಯುತ್ತದೆ.

ವಿದ್ಯುತ್ ಬಳಕೆಯ ದೃಷ್ಟಿಯಿಂದ ಈ ದೀಪಗಳ ಹೊರೆ ದೊಡ್ಡದಲ್ಲ. 10 ವ್ಯಾಟ್‌ನ ದೀಪ ದಿನಕ್ಕೆ 8 ಗಂಟೆ ಉರಿದರೆ ವರ್ಷಕ್ಕೆ ಸುಮಾರು 29 ಯೂನಿಟ್ ಆಗುತ್ತದೆ. ಆದರೆ ವಿದ್ಯುತ್ ಕಡಿತವಾದಾಗ ಯುಪಿಎಸ್‌ನಿಂದ ನಡೆಯುವ ಯಂತ್ರದಲ್ಲಿ ಲೆಕ್ಕ ಬೇರೆ. ಬರೆಯುವ ಓದುವ ಕೆಲಸಕ್ಕೆ 60 ವ್ಯಾಟ್ ಬಳಸುವ ಯಂತ್ರಕ್ಕೆ 10 ವ್ಯಾಟ್ ಸೇರಿದರೆ ಹೊರೆ ಆರನೆಯ ಒಂದು ಭಾಗದಷ್ಟು ಏರುತ್ತದೆ, ಬ್ಯಾಟರಿಯ ಅವಧಿ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಪಟ್ಟಣಗಳಿಂದ ದೂರವಿರುವ, ಕಡಿತ ಹೆಚ್ಚಿರುವ ಊರುಗಳಲ್ಲಿ ದೀಪಕ್ಕೆ ಪ್ರತ್ಯೇಕ ಸ್ವಿಚ್ ಇರುವ ಮಾದರಿಯೇ ಉಪಯುಕ್ತ.

ಕೆಟ್ಟ ದೀಪಗಳು ವಿದ್ಯುನ್ಮಾನ ತ್ಯಾಜ್ಯವಾಗುತ್ತವೆ. ಭಾರತದಲ್ಲಿ ಇಂತಹ ತ್ಯಾಜ್ಯದ ನಿರ್ವಹಣೆಗೆ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿರುವ ಇ-ಪರಿಸರ ಘಟಕವು ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಮರುಬಳಕೆ ಘಟಕಗಳಲ್ಲಿ ಒಂದು. ಹಳೆಯ ಶೀತ ಕ್ಯಾಥೋಡ್ ಕೊಳವೆಗಳನ್ನು ಪಾದರಸದ ಕಾರಣದಿಂದ ಒಡೆಯದೆ, ಮನೆಯ ಕಸದೊಂದಿಗೆ ಬೆರೆಸದೆ ಇಂತಹ ಘಟಕಗಳ ಸಂಗ್ರಹಣೆಗೆ ಒಪ್ಪಿಸಬೇಕು.