ಬೆಳ್ಳಿತೆರೆಯ ಮೇಲಿನ ಕಡಲತೆರೆ

ತೆರೆ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳಿರುವುದನ್ನು ವಾಚಕರೆಲ್ಲರೂ ಬಲ್ಲರು. ಕಡಲಿನ ಅಲೆಯೂ ತೆರೆ, ಚಿತ್ರಮಂದಿರದಲ್ಲಿ ಚಿತ್ರ ಬೀಳುವ ಬಿಳಿಯ ಪರದೆಯೂ ತೆರೆ. ಈ ಎರಡನೆಯ ತೆರೆಯ ಮೇಲೆ ಮೊದಲನೆಯದನ್ನು ಎಬ್ಬಿಸಲು ಮನುಷ್ಯನು ಪಟ್ಟ ಪಾಡಿನ ಇತಿಹಾಸವನ್ನು ಇಲ್ಲಿ ಸ್ವಲ್ಪದರಲ್ಲಿ ಹೇಳಬೇಕೆಂದಿದ್ದೇವೆ. ನಾವು ವಿಜ್ಞಾನಿಗಳಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ಆದರೆ ಈ ಕಥೆಯೂ ಬಹುಮಟ್ಟಿಗೆ ಕೂಡುವ ಲೆಕ್ಕದ ಕಥೆಯೇ ಆದುದರಿಂದ ಇಷ್ಟು ಧೈರ್ಯ ತಾಳಿದ್ದೇವೆ.

ಮೊದಮೊದಲು ಚಿತ್ರ ತೆಗೆಯುವವರಿಗೆ ತೊಟ್ಟಿಯ ನೀರೇ ಗತಿ. ಸೆಸಿಲ್ ಡಿಮಿಲ್ ೧೯೨೩ರ 'ಟೆನ್ ಕಮಾಂಡ್‌ಮೆಂಟ್ಸ್' ಚಿತ್ರದಲ್ಲಿ ಕೆಂಪು ಸಮುದ್ರವನ್ನು ಇಬ್ಭಾಗ ಮಾಡಲು ಜೆಲಾಟಿನ್ ಮುದ್ದೆಯನ್ನು ಬಳಸಿದರು. ೧೯೫೬ರಲ್ಲಿ ಅದೇ ಕಥೆಯನ್ನು ಮರಳಿ ತೆಗೆದಾಗ ತೊಟ್ಟಿಗೆ ನೀರು ಸುರಿಸಿ, ಆ ಚಿತ್ರವನ್ನು ಹಿಂದುಮುಂದಾಗಿ ಓಡಿಸಿದರು. ಹಡಗು ಮುಳುಗಬೇಕಾದರೆ ಆಟಿಕೆಯಂಥ ಹಡಗು, ಅಳತೆಗೆ ತಕ್ಕ ಅಲೆ. ತೊಂದರೆಯೆಂದರೆ, ಸಣ್ಣ ಅಲೆಗೆ ಅವಸರ ಹೆಚ್ಚು. ಕಳೆದ ಶತಮಾನಕ್ಕೂ ಹಿಂದೆ, ೧೮೭೦ರ ದಶಕದಲ್ಲಿ, ಇಂಗ್ಲೆಂಡಿನ ವಿಲಿಯಂ ಫ್ರೂಡ್ ಎಂಬ ಇಂಜಿನಿಯರು ನೌಕಾಪಡೆಗಾಗಿ ಟಾರ್ಕಿಯಲ್ಲಿ ತೊಟ್ಟಿ ಕಟ್ಟಿಸಿ, ಹಡಗಿನ ಮಾದರಿಗಳನ್ನು ಎಳೆಸಿ ಪರೀಕ್ಷಿಸಿದ್ದರು. ಅವರ ನಿಯಮವೇ ಇಲ್ಲಿ ಕೈಹಿಡಿಯಿತು. ಮಾದರಿಯು ನಿಜವಾದುದರ ೧೬ರಲ್ಲಿ ಒಂದು ಪಾಲಿದ್ದರೆ, ಅಲೆಯ ಕಾಲ ೧೬ರ ವರ್ಗಮೂಲದಂತೆ ೪ರಲ್ಲಿ ಒಂದು ಪಾಲಾಗುತ್ತದೆ. ಆದುದರಿಂದ ಸೆಕೆಂಡಿಗೆ ೨೪ರ ಬದಲು ೯೬ ಚಿತ್ರ ಹಿಡಿದರೆ ಅಲೆಗೆ ಗಾಂಭೀರ್ಯ ಬಂದೀತು. ಆದರೆ ಹನಿ ಮಾತ್ರ ಈ ಕಾಯಿದೆಗೆ ಒಳಪಡುವುದಿಲ್ಲ. ನೀರಿನ ಮೇಲ್ಮೈಯ ಸೆಳೆತ ಅದನ್ನು ಬೇಕಾದಷ್ಟು ಚಿಕ್ಕದಾಗಗೊಡದು. ಆಟಿಕೆಯ ಹಡಗಿನ ಪಕ್ಕದಲ್ಲಿ ಹಾರುವ ಹನಿಗಳು ಕುಂಬಳಕಾಯಿಗಳಂತೆ ಕಂಡು ಗುಟ್ಟನ್ನು ರಟ್ಟು ಮಾಡುತ್ತಿದ್ದವು.

ನೀರನ್ನೇ ಬಿಟ್ಟು ಲೆಕ್ಕದಿಂದ ಅಲೆಯನ್ನು ಹುಟ್ಟಿಸುವ ದಾರಿಗೆ ಮೂಲಪುರುಷರೆಂದರೆ ಫ್ರಾಂಜ್ ಯೋಸೆಫ್ ಗೆರ್ಸ್ಟ್‌ನರ್. ಕಡಲತೀರವೇ ಇಲ್ಲದ ಬೊಹೀಮಿಯದ ಪ್ರಾಗ್ ನಗರದಲ್ಲಿ ಪ್ರಾಧ್ಯಾಪಕರಾಗಿದ್ದ ಇವರು ೧೮೦೨ರಲ್ಲಿ ತೆರೆಗಳ ಸಿದ್ಧಾಂತವನ್ನು ಪ್ರಕಟಿಸಿದರು. ಗಾಳಿಗೆ ಭತ್ತದ ಗದ್ದೆ ತೂಗುವಾಗ ಅಲೆ ಮುಂದೆ ಸಾಗುತ್ತದೆ, ತೆನೆ ಇದ್ದಲ್ಲೇ ಇರುತ್ತದೆಯಲ್ಲವೆ? ನೀರೂ ಹಾಗೆಯೇ, ಅದರ ಕಣ ಇದ್ದಲ್ಲೇ ವೃತ್ತ ಸುತ್ತುತ್ತದೆ. ಹೀಗೆ ಲೆಕ್ಕ ಹಾಕಿದರೆ ಅಲೆಯ ನೆತ್ತಿ ಚೂಪಾಗಿಯೂ ತಗ್ಗು ಅಗಲವಾಗಿಯೂ ತಾನಾಗಿಯೇ ಮೂಡುತ್ತದೆ. ೧೯೮೬ರಲ್ಲಿ ಫೂರ್ನಿಯೇ ಮತ್ತು ರೀವ್ಸ್ ಎಂಬಿಬ್ಬರು ಇದನ್ನೇ ಕಂಪ್ಯೂಟರಿಗೆ ಕಲಿಸಿದರು.

ಆದರೆ ಕಡಲೆಂದರೆ ಒಂದು ಅಲೆಯೆ? ನೂರು ದಿಕ್ಕಿನಿಂದ ಬಂದ ಸಾವಿರ ಅಲೆಗಳ ಮೊತ್ತ ಅದು. ಯಾವ ಅಲೆಯಲ್ಲಿ ಎಷ್ಟು ಬಲ ಎಂಬ ವಿಚಾರಕ್ಕೆ ಮಹಾಯುದ್ಧವು ಬಲು ಚಾಲನೆ ಕೊಟ್ಟಿತು. ಸೈನ್ಯವನ್ನು ದಡಕ್ಕಿಳಿಸುವ ಮೊದಲು ಅಲೆಯ ಎತ್ತರ ತಿಳಿಯಬೇಕಾಗಿತ್ತು. ಕ್ಯಾಲಿಫೋರ್ನಿಯದ ಸ್ವೆರ್ಡ್ರುಪ್ ಮತ್ತು ವಾಲ್ಟರ್ ಮಂಕ್ ಕಂಡುಹಿಡಿದ ವಿಧಾನ ೧೯೪೪ರ ನಾರ್ಮಂಡಿ ಇಳಿತಕ್ಕೂ ಒದಗಿತು. ಮುಂದೆ ೧೯೬೪ರಲ್ಲಿ ಪಿಯರ್ಸನ್ ಮತ್ತು ಮಾಸ್ಕೋವಿಟ್ಜ್, ಉತ್ತರ ಅಟ್ಲಾಂಟಿಕಿನಲ್ಲಿ ಅಳೆದ ಅಲೆಗಳಿಂದ, ಗಾಳಿಯ ವೇಗಕ್ಕೆ ತಕ್ಕ ಬಲದ ಹಂಚಿಕೆಯನ್ನು ಸೂತ್ರವಾಗಿಸಿದರು.

ಉಳಿದದ್ದು ಕೂಡುವ ಕೆಲಸ. ಅಡ್ಡ ೫೧೨, ಉದ್ದ ೫೧೨ ಬಿಂದುಗಳ ಕಡಲೆಂದರೆ ೨,೬೨,೧೪೪ ಬಿಂದುಗಳು. ಅಷ್ಟೇ ಅಲೆಗಳನ್ನು ಪ್ರತಿ ಬಿಂದುವಿನಲ್ಲೂ ಒಂದೊಂದಾಗಿ ಕೂಡಿದರೆ ೬,೮೭೧ ಕೋಟಿಗೂ ಮಿಕ್ಕಿದ ಕಲಮುಗಳು. ಅದೂ ಒಂದೇ ಒಂದು ಚಿತ್ರಕ್ಕೆ! ಇಂಥ ಲೆಡ್ಜರನ್ನು ಯಾವ ಗುಮಾಸ್ತನೂ ಮುಟ್ಟಲಾರ. ೧೯೬೫ರಲ್ಲಿ ಕೂಲಿ ಮತ್ತು ಟ್ಯೂಕಿ (ಹೆಸರು ಕೇಳಿ ನಗಬಾರದು) ಪ್ರಕಟಿಸಿದ ಕೂಡುವ ವಿಧಾನದಿಂದ ಅದೇ ಕೆಲಸ ಸುಮಾರು ೪೭ ಲಕ್ಷದ ಲೆಕ್ಕಕ್ಕೆ ಇಳಿಯಿತು. ಅವರ ಮನಸ್ಸಿನಲ್ಲಿ ಸಿನಿಮಾ ಇರಲಿಲ್ಲ. ೧೯೮೭ರಲ್ಲಿ ಮಾಸ್ಟಿನ್ ಮತ್ತು ಸಂಗಡಿಗರು ಈ ವಿಧಾನಕ್ಕೂ ಪಿಯರ್ಸನ್ನರ ಸೂತ್ರಕ್ಕೂ ಗಂಟು ಹಾಕಿದರು. ಭೌತವಿಜ್ಞಾನಿ ಜೆರ್ರಿ ಟೆಸೆನ್‌ಡಾರ್ಫ್ ಅದನ್ನು ಚಿತ್ರೋದ್ಯಮಕ್ಕೆ ಒಗ್ಗಿಸಿ, ಟಿಪ್ಪಣಿ ಬರೆದು ಎಲ್ಲರಿಗೂ ಹಂಚಿದರು. ೧೯೯೭ರ 'ಟೈಟಾನಿಕ್' ಚಿತ್ರದಲ್ಲಿ ಹಗಲು ಹೊತ್ತು ಹಡಗು ಸೀಳಿಕೊಂಡು ಹೋಗುವ ಸಮುದ್ರ ಈ ಬಗೆಯದು. ಒಡೆದು ಚಿಮ್ಮುವ ನೀರಿಗೆ ಈ ಲೆಕ್ಕ ಸಾಲದು. ಅದಕ್ಕೆ ಲಾಸ್ ಅಲಮೋಸಿನ ಅಣುಬಾಂಬಿನ ಪ್ರಯೋಗಶಾಲೆಯಲ್ಲಿ ಹಾರ್ಲೋ ಮೊದಲಾದವರು ಬೆಳೆಸಿದ ವಿಧಾನಗಳನ್ನು ಎರವಲು ತರಬೇಕಾಯಿತು.

ಇನ್ನು ನಮ್ಮೂರಿನ ಮಾತು. ಪಾಂಡಿಚೇರಿಯ ಹುಡುಗನೊಬ್ಬ ಹುಲಿಯೊಡನೆ ದೋಣಿಯಲ್ಲಿ ತೇಲುವ ೨೦೧೨ರ 'ಲೈಫ್ ಆಫ್ ಪೈ' ಚಿತ್ರವನ್ನು ಅನೇಕರು ನೋಡಿದ್ದೀರಿ. ದೋಣಿ ತೇಲಿದ್ದು ತೈವಾನಿನ ಒಂದು ಹಳೆಯ ವಿಮಾನನಿಲ್ದಾಣದಲ್ಲಿ ಕಟ್ಟಿದ ತೊಟ್ಟಿಯಲ್ಲಿ. ದಿಗಂತದವರೆಗಿನ ಕಡಲು ಲೆಕ್ಕದ್ದು. ಈ ಕೆಲಸದಲ್ಲಿ ಮುಂದಾಳಾಗಿದ್ದ ರಿದಮ್ ಅಂಡ್ ಹ್ಯೂಸ್ ಎಂಬ ಅಮೆರಿಕದ ಕಂಪನಿಗೆ ನಮ್ಮ ಮುಂಬಯಿಯಲ್ಲೂ ಹೈದರಾಬಾದಿನಲ್ಲೂ ಶಾಖೆಗಳಿದ್ದವು. ಆ ಉದ್ಯೋಗದ ಜಮಾಖರ್ಚು ನಮಗೆ ವಿಚಿತ್ರವಾಗಿ ತೋರುತ್ತದೆ. ಗುತ್ತಿಗೆಯ ಮೊತ್ತ ಮೊದಲೇ ನಿಗದಿ. ನಿರ್ದೇಶಕರ ಮನಸ್ಸು ಬದಲಾಗಿ ಕೆಲಸ ಎರಡು ಸಲವಾದರೆ ಹೊರೆ ಮಾಡಿದವರದೇ ಎಂಬುದು ಆ ವೃತ್ತಿಯವರ ಬಹುಕಾಲದ ದೂರು. ೨೦೧೩ರ ಫೆಬ್ರವರಿ ೨೪ರಂದು ಈ ಚಿತ್ರಕ್ಕೆ ದೃಶ್ಯಪರಿಣಾಮಗಳ ಆಸ್ಕರ್ ಬಂದಿತು. ಅದಕ್ಕೆ ಎರಡು ವಾರದೊಳಗೆ ಕಂಪನಿ ದಿವಾಳಿ ಅರ್ಜಿ ಹಾಕಿಯಾಗಿತ್ತು. ಪ್ರಶಸ್ತಿ ಪಡೆದ ಬಿಲ್ ವೆಸ್ಟೆನ್‌ಹೋಫರ್ ವೇದಿಕೆಯ ಮೇಲೆ ಕಂಪನಿಯ ಸಂಕಟದ ಮಾತೆತ್ತುತ್ತಲೇ ವಾದ್ಯ ಮೊಳಗಿತು, ಧ್ವನಿವರ್ಧಕ ಮೂಕವಾಯಿತು. ನುಡಿಸಿದ್ದು 'ಜಾಸ್' ಎಂಬ ೧೯೭೫ರ ಕಡಲ ಚಿತ್ರದ ಸಂಗೀತ. ಹೊರಗೆ ಬೀದಿಯಲ್ಲಿ ಅದೇ ಕಸುಬಿನವರು ಫಲಕ ಹಿಡಿದು ನಿಂತಿದ್ದರು. ಮರುತಿಂಗಳು ಕಂಪನಿ ಹರಾಜಾಯಿತು; ಕೊಂಡವರು ಮುಂಬಯಿಯಲ್ಲೇ ಸ್ಟುಡಿಯೋ ನಡೆಸುತ್ತಿದ್ದ ಪ್ರಾಣ ಸ್ಟುಡಿಯೋಸ್ ಬಳಗದವರು.