ಕ್ರೋಶಾ ಕಡ್ಡಿಗೂ ಒಂದು ಲಿಪಿಯಿದೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸಂದಿಗಳಲ್ಲಿ 'ಸೀರೆಗೆ ಕುಚ್ಚು ಹಾಕಿಕೊಡಲಾಗುವುದು' ಎಂಬ ಬೋರ್ಡು ಈಗ ಅಪರೂಪವಲ್ಲ. ಬೋರ್ಡಿನ ಹಿಂದೆ ಹೆಚ್ಚಾಗಿ ಇರುವುದು ಒಂದು ಚಿಕ್ಕ ಕೋಣೆ, ಒಬ್ಬ ಹೆಣ್ಣುಮಗಳು, ತುದಿ ಬಾಗಿದ ಒಂದು ಕಡ್ಡಿ. ಅದಕ್ಕೆ ಕನ್ನಡದಲ್ಲಿ ಕ್ರೋಶಾ ಎನ್ನುತ್ತೇವೆ, ಉರ್ದು ಮನೆಗಳಲ್ಲಿ ಕ್ರೋಶಿಯಾ. ಎರಡರ ಮೂಲವೂ ಕೊಕ್ಕೆ ಎಂಬರ್ಥದ ಫ್ರೆಂಚ್ ಪದ. ಪದದಂತೆಯೇ ಕಸುಬೂ ದೂರದಿಂದ ಬಂದದ್ದು. ಕಸುಬು ನಮ್ಮ ಹೊಸ್ತಿಲು ದಾಟಿ ಒಳಗೆ ಬಂತು. ಅದರ ಜತೆಗೆ ಬರಬೇಕಾಗಿದ್ದ ಒಂದು ವಿದ್ಯೆ ಮಾತ್ರ ಬಹುಪಾಲು ಹೊರಗೇ ಉಳಿಯಿತು. ಅದು ನಮೂನೆಯನ್ನು ಓದುವ ವಿದ್ಯೆ.

ಈ ನಮೂನೆಗಳು ಅಚ್ಚಾಗತೊಡಗಿ ಸುಮಾರು 200 ವರ್ಷಗಳಾದವು. 1820ರ ದಶಕದಲ್ಲಿ ಹಾಲೆಂಡಿನ 'ಪೆನೆಲೋಪೆ' ಎಂಬ ಮಹಿಳಾ ಪತ್ರಿಕೆಯಲ್ಲಿ ಬಂದವು ಮೊದಲಿನವೆಂದು ಹೇಳುತ್ತಾರೆ. 1840ರ ದಶಕದಲ್ಲಿ ಲಂಡನ್ನಿನಲ್ಲಿ ಎಲಿಯೊನೋರ್ ರೀಗೊ ಎಂಬಾಕೆ ಕ್ರೋಶಾ ಪುಸ್ತಕಗಳನ್ನೇ ಬರೆದು ಹೆಸರಾದಳು. ಅದೇ ದಶಕದಲ್ಲಿ, 1845ರಲ್ಲಿ, ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ತಗುಲಿತು. ಆಲೂಗಡ್ಡೆ ಬೆಳೆಯುವ ನಮ್ಮ ಸೀಮೆಯವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಕ್ಷಗಟ್ಟಲೆ ಜನ ಸತ್ತ ಆ ಬರಗಾಲದಲ್ಲಿ ಕ್ರೈಸ್ತ ಸನ್ಯಾಸಿನಿಯರೂ ಉಳ್ಳವರ ಮನೆಯ ಹೆಂಗಸರೂ ಬಡವರಿಗೆ ಕ್ರೋಶಾ ಕಲಿಸಿದರು. ಒಂದು ಮನೆಯಲ್ಲಿ ಗುಲಾಬಿ, ಇನ್ನೊಂದರಲ್ಲಿ ಎಲೆ ಹೆಣೆದರೆ, ಬೇರೆ ಕೈಗಳು ಅವನ್ನು ಜೋಡಿಸುತ್ತಿದ್ದವು. ಎಷ್ಟೋ ಸಂಸಾರಗಳು ಈ ಕಡ್ಡಿಯಿಂದ ಬದುಕಿಕೊಂಡವು.

ನಮ್ಮ ದೇಶದಲ್ಲಿ ಈ ಕತೆಯ ಇನ್ನೊಂದು ಅಧ್ಯಾಯ ನಡೆದದ್ದು ಗೋದಾವರಿ ತೀರದ ನರಸಾಪುರದಲ್ಲಿ. 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಲೇಸ್ ಕೆಲಸ ಅಲ್ಲಿ ದೊಡ್ಡ ರಫ್ತು ವ್ಯಾಪಾರವಾಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಈ ಹೆಂಗಸರ ಬಗ್ಗೆ 1982ರಲ್ಲಿ ಪ್ರಕಟಿಸಿದ ಪುಸ್ತಕವನ್ನು ನಾವೆಲ್ಲ ಗಮನಿಸಬೇಕು. ಮನೆಯಿಂದ ಹೊರಬರದೆ, ಅಡಿಗೆ ಮಕ್ಕಳ ನಡುವೆ ದಿನಕ್ಕೆ ಆರೆಂಟು ಗಂಟೆ ಹೆಣೆಯುತ್ತಿದ್ದ ಅವರನ್ನು ಯಾರೂ ಕಾರ್ಮಿಕರೆಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಗೃಹಿಣಿಯರು ಬಿಡುವಿನಲ್ಲಿ ಮಾಡುವ ಕೈಗೆಲಸವೆಂದೇ ಅದಕ್ಕೆ ಹೆಸರು. ಒಬ್ಬಳು ಬರೀ ಹೂವು, ಮತ್ತೊಬ್ಬಳು ಬರೀ ಜೋಡಣೆ. ಪೂರ್ತಿ ವಸ್ತುವನ್ನು ಕೈಯಲ್ಲಿ ಹಿಡಿದವನು ವ್ಯಾಪಾರಿ. ಆ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಮಾನ್ಯತೆ ಊರಿಗೆ ಬಂದ ಮೇಲೆ ಕೂಲಿಯೂ ಕೈಗೆ ಬರಬೇಕಷ್ಟೆ.

ಓದನ್ನೂ ಕೈಗೆಲಸವನ್ನೂ ಒಟ್ಟಿಗೆ ಕಂಡ ಪರಂಪರೆ ನಮ್ಮಲ್ಲಿ ಇಲ್ಲದಿಲ್ಲ. 1898ರಲ್ಲಿ ಲಾಹೋರಿನಿಂದ ಮುಹಮ್ಮದಿ ಬೇಗಂ ಅವರ ಸಂಪಾದಕತ್ವದಲ್ಲಿ ಹೊರಟ 'ತಹಜೀಬೆ ನಿಸ್ವಾನ್', 1908ರಲ್ಲಿ ದೆಹಲಿಯಲ್ಲಿ ಶುರುವಾದ 'ಇಸ್ಮತ್' ಪರದೆಯೊಳಗಿನ ಹೆಣ್ಣುಮಕ್ಕಳ ಕೈಗೆ ಅಕ್ಷರ ಕೊಟ್ಟ ಪತ್ರಿಕೆಗಳು. ಸೂಜಿ ಹಿಡಿದ ಕೈ ಪತ್ರಿಕೆಯನ್ನೂ ಹಿಡಿಯಬಹುದೆಂದು ಅವು ತೋರಿಸಿಕೊಟ್ಟವು.

ಹಾಗಾದರೆ ಹೊಸಬರು ನಮೂನೆಯನ್ನು ಓದುವುದು ಹೇಗೆ? ಅದು ಕಾಣುವಷ್ಟು ಕಷ್ಟದ್ದಲ್ಲ. ಚಿಹ್ನೆಗಳ ನಕ್ಷೆಯಲ್ಲಿ ಮೊಟ್ಟೆಯಾಕಾರ ಕಂಡರೆ ಚೈನು. ಕೂಡಿಸುವ ಗುರುತೋ ಗುಣಿಸುವ ಗುರುತೋ ಕಂಡರೆ ಸಿಂಗಲ್. ಉದ್ದ ಕಾಲಿಗೆ ಒಂದು ಅಡ್ಡಗೀಟು ಇದ್ದರೆ ಡಬಲ್, ಅಂದರೆ ಎತ್ತರದ ಕಂಬ. ಬರಹದ ನಮೂನೆಯಲ್ಲಿ ನಕ್ಷತ್ರದ ಗುರುತು ಇರುತ್ತದೆ. 'ನಕ್ಷತ್ರ, ಐದು ಚೈನು, ಮೂರು ಬಿಟ್ಟು ನಾಲ್ಕನೆಯದರಲ್ಲಿ ಒಂದು ಸಿಂಗಲ್, ನಕ್ಷತ್ರದಿಂದ ಮತ್ತೆ' ಎಂದರೆ ಅಷ್ಟನ್ನೇ ಸಾಲಿನ ಕೊನೆಯವರೆಗೂ ಮಾಡುತ್ತಾ ಹೋಗಬೇಕು. ಡಬಲ್ ಸಾಲಿನ ಆರಂಭದ ಮೂರು ಚೈನುಗಳು ಸಾಮಾನ್ಯವಾಗಿ ಒಂದು ಕಂಬದ ಲೆಕ್ಕ. ಇದನ್ನು ಮರೆತವರ ಹೆಣಿಗೆಯ ಅಂಚು ಸೊಟ್ಟಗಾಗುತ್ತದೆ. ಟೋಪಿಗೆ ಮೊದಲ ಸುತ್ತಿನಲ್ಲಿ 6 ಸಿಂಗಲ್ ಹಾಕಿದರೆ ಮುಂದೆ 12, ಆಮೇಲೆ 18. ಹೀಗೆ ಸುತ್ತಿಗೆ ಆರಾರು ಹೆಚ್ಚಿಸಿದಷ್ಟೂ ಚಪ್ಪಟೆ ವೃತ್ತ. ಹೆಚ್ಚಿಸುವುದನ್ನು ನಿಲ್ಲಿಸಿದಲ್ಲಿಂದ ಗೋಡೆ ಏಳುತ್ತದೆ. ನಮಾಜಿನ ಜಾಲಿ ಟೋಪಿಗಳ ಗುಟ್ಟೂ ಈ ಲೆಕ್ಕವೇ.

ಇನ್ನೊಂದು ಸಂಗತಿ ನಮ್ಮಂಥ ಎರಡು ಲಿಪಿಯವರಿಗೆ ಬಹಳ ಹಿಡಿಸುವಂಥದ್ದು. ಬಲಗೈಯವರು ನಕ್ಷೆಯ ಮುಂಬದಿಯ ಸಾಲನ್ನು ಬಲದಿಂದ ಎಡಕ್ಕೆ ಓದಬೇಕು. ಬಟ್ಟೆ ತಿರುಗಿಸಿದ ಮೇಲೆ ಹಿಂಬದಿಯ ಸಾಲನ್ನು ಎಡದಿಂದ ಬಲಕ್ಕೆ. ಒಂದು ಸಾಲು ಉರ್ದು, ಮರುಸಾಲು ಕನ್ನಡ! ಮದರಸಾದಲ್ಲಿ ಒಂದು ದಿಕ್ಕಿಗೂ ಶಾಲೆಯಲ್ಲಿ ಇನ್ನೊಂದು ದಿಕ್ಕಿಗೂ ಕಣ್ಣು ಓಡಿಸಿ ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ಇದು ಹೊಸದೇನೂ ಅಲ್ಲ.

ಎಚ್ಚರ ಬೇಕಾದದ್ದು ಹೆಸರುಗಳಲ್ಲಿ. ಅಮೆರಿಕದವರು ಸಿಂಗಲ್ ಎನ್ನುವುದನ್ನೇ ಬ್ರಿಟಿಷರು ಡಬಲ್ ಎನ್ನುತ್ತಾರೆ. ಅವರ ಡಬಲ್ ಇವರಿಗೆ ಟ್ರೆಬಲ್. ಹಳೆಯ ಟ್ರಂಕಿನಲ್ಲಿ ಸಿಗುವ ಬ್ರಿಟಿಷ್ ಕೈಪಿಡಿಯನ್ನು ಅಮೆರಿಕದ ಲೆಕ್ಕದಲ್ಲಿ ಹೆಣೆದರೆ ಅಳತೆಯೆಲ್ಲ ಏರುಪೇರು. ಇಂದಿನ ನಮೂನೆಯಲ್ಲಿ 'ಸಿಂಗಲ್' ಎಂಬ ಮಾತಿದ್ದರೆ ಅದು ಅಮೆರಿಕದ್ದೆಂದು ತಿಳಿಯಬಹುದು. ಚಿಹ್ನೆಗಳಿಗೆ ಈ ಜಗಳವಿಲ್ಲ. ಜಪಾನಿನ ಪುಸ್ತಕಗಳು ಹೆಚ್ಚಾಗಿ ಚಿಹ್ನೆಗಳಲ್ಲೇ ಇರುವುದರಿಂದ ಆ ಭಾಷೆಯ ಒಂದಕ್ಷರ ಬಾರದವರೂ ಅವನ್ನು ನೋಡಿ ಹೆಣೆಯುತ್ತಾರೆ.

ಇಷ್ಟೆಲ್ಲ ಏಕೆ ಎಂದರೆ, ನಮ್ಮ ಜಿಲ್ಲೆ ದಾರದ ಜಿಲ್ಲೆ. 2007ರಲ್ಲಿ ಕೋಲಾರದಿಂದ ಬೇರೆಯಾಗುವ ಎಷ್ಟೋ ಮೊದಲಿನಿಂದ ಶಿಡ್ಲಘಟ್ಟದ ಮುಸ್ಲಿಂ ಮನೆಗಳು ಗೂಡಿನಿಂದ ನೂಲು ತೆಗೆದುಕೊಂಡೇ ಬಂದಿವೆ. ಬಿಸಿನೀರಿನಲ್ಲಿ ಕೈಯದ್ದಿ, ಕಣ್ಣಿಗೆ ಕಾಣದಂಥ ಎಳೆಗಳನ್ನು ಹಿಡಿದು ಕೂಡಿಸುವ ಆ ಬೆರಳುಗಳಿಗೆ ಹೊಸದಾಗಿ ಜಾಣ್ಮೆ ಕಲಿಸಬೇಕಾಗಿಲ್ಲ. ಆದರೆ ಆ ನೂಲು ನೇಕಾರರ ಊರುಗಳಿಗೆ ಹೋಗಿ ಸೀರೆಯಾಗುತ್ತದೆ. ಕುಚ್ಚಿಗೆ ನಾವು ಅಂಗಡಿಯಿಂದ ತರುವ 'ರೇಷ್ಮೆ ದಾರ' ಹೆಚ್ಚಾಗಿ ಕೃತಕದ್ದು. ನೂಲು ತೆಗೆಯುವವಳಿಗೆ ಸೀರೆಯ ಬೆಲೆ ಕಾಣುವುದಿಲ್ಲ. ಕುಚ್ಚು ಕಟ್ಟುವವಳೂ, ಯಾರೋ ತೋರಿಸಿದ ಒಂದೆರಡು ಡಿಸೈನಿಗೆ ಕಟ್ಟುಬಿದ್ದರೆ, ಅವರು ಹೇಳಿದ ದರಕ್ಕೇ ಒಪ್ಪಬೇಕಾಗುತ್ತದೆ.

ನೋಡಿ ಕಲಿಯುವುದರಲ್ಲಿ ತಪ್ಪೇನಿಲ್ಲ. ನಮ್ಮ ಅಜ್ಜಿಯರೆಲ್ಲ ಹಾಗೆಯೇ ಕಲಿತವರು. ಆದರೆ ನೋಡಿ ಕಲಿತವಳಿಗೆ ಹೊಸ ಡಿಸೈನು ಬೇಕಾದಾಗ ತೋರಿಸುವ ಇನ್ನೊಬ್ಬರು ಬೇಕು. ಓದಿ ಕಲಿತವಳು ತನ್ನ ನಮೂನೆಯನ್ನು ತಾನೇ ಬರೆಯಬಲ್ಲಳು, ಎಷ್ಟು ದಾರ, ಎಷ್ಟು ಗಂಟೆ ಎಂದು ಲೆಕ್ಕ ಹಾಕಿ ಬೆಲೆ ಹೇಳಬಲ್ಲಳು. ಹೊಲಿಗೆ ತರಗತಿ ನಡೆಸುವ ನಮ್ಮ ಸಂಘಸಂಸ್ಥೆಗಳು ಯಂತ್ರ ಹಂಚುವುದರ ಜತೆಗೆ ಒಂದು ಕರಿಹಲಗೆಯನ್ನೂ ಇಟ್ಟು, ಹತ್ತು ಚಿಹ್ನೆಗಳನ್ನು ಬರೆದು, ಅವುಗಳ ಪಕ್ಕದಲ್ಲಿ ಕನ್ನಡ, ಉರ್ದು ಹೆಸರುಗಳನ್ನು ಬರೆದು ಕಲಿಸಲಿ. ಖರ್ಚು ಒಂದು ಸೀಮೆಸುಣ್ಣದ್ದು.