ಕೌದಿಯೊಳಗಿನ ಬೆವರು

ನೆಗಡಿ-ಜ್ವರ ಬಂದಾಗ ಅಜ್ಜಿ ಏನ್ ಮಾಡ್ತಿದ್ರು, ನೆನಪೈತೇನು? ಶುಂಠಿ, ಮೆಣಸು, ತುಳಸಿ, ಬೆಲ್ಲ ಹಾಕಿದ ಬಿಸಿ ಕಷಾಯ ಕುಡಿಸಿ, ಮ್ಯಾಲ ಕೌದಿ ಹೊಚ್ಚಿ, "ಬೆವರು ಬರೂತನಕ ಏಳಬ್ಯಾಡ" ಅಂತಿದ್ರು. ಬಾದಾಮಿ, ಹುನಗುಂದ ಕಡೆ ಆ ಕೌದಿನೂ ಹಳೇ ಇಳಕಲ್ ಸೀರಿ ಕೂಡಿಸಿ ಹೊಲಿದದ್ದೇ ಇರ್ತಿತ್ತು.

ಅಜ್ಜಿ ಚರಕ ಸಂಹಿತೆ ಓದಿರ್ಲಿಲ್ಲ. ಆದ್ರ ಅದರ ಸೂತ್ರಸ್ಥಾನದ 14ನೇ ಅಧ್ಯಾಯ ಇರೋದೇ ಬೆವರಿಸೋದರ ಬಗ್ಗೆ. ಬೆಂಕಿಯ ಶಾಖದಿಂದ ಬೆವರಿಸುವ ವಿಧಾನ 13, ಬೆಂಕಿ ಇಲ್ಲದ್ದು 10. ಆ ಹತ್ತರಾಗ ವ್ಯಾಯಾಮ, ಬಿಸಿಲು, ಭಯ, ಸಿಟ್ಟು ಅದಾವ. 'ಗುರುಪ್ರಾವರಣ'ನೂ ಐತಿ, ಅಂದ್ರ ಭಾರವಾದ ಹೊದಿಕೆ. ನಮ್ಮ ಕೌದಿ!

ನಾವು ಮರ್ತದ್ದು ಅದೇ ಅಧ್ಯಾಯದ ಎಚ್ಚರಿಕೆ. ಗರ್ಭಿಣಿಯರನ್ನ, ಹಸಿದವರನ್ನ, ಬಾಯಾರಿದವರನ್ನ ಬೆವರಿಸಬಾರದು. ಅತಿಯಾದ್ರ ದಾಹ, ನಿಶ್ಶಕ್ತಿ, ಮೂರ್ಛೆ.

ಅದಕ್ಕ ಬಾಗಲಕೋಟೆಯ 40 ಡಿಗ್ರಿ ಬ್ಯಾಸಗ್ಯಾಗ ಜ್ವರದ ಕೂಸಿಗೆ ಕೌದಿ ಹೊಚ್ಚಬ್ಯಾಡ್ರಿ. ಬೆವರು ಬಂತಂದ್ರ ಜ್ವರ ಹೋತು ಅಂತಲ್ಲ. ಮಲೇರಿಯಾದಾಗ ಬೆವರು ತಾನಾಗೇ ಬರ್ತೈತಿ, ಜ್ವರ ಇಳೀತೈತಿ, ಮತ್ತ ಏರ್ತೈತಿ. ಅದು ಗೊತ್ತಾಗೋದು ರಕ್ತ ಪರೀಕ್ಷೆಯಿಂದ.

ಕೌದಿ ಜ್ವಾಕಿಯಿಂದ ಇಟ್ಕೊಳ್ರಿ. ಅದರ ಜೋಡಿ ಎಚ್ಚರಿಕೆನೂ.

#ನಮ್ಮೂರಇತಿಹಾಸ #ಕೌದಿ #ಇಳಕಲ್